ಕಿವಿಯೊಳಗಿನ ಸವತಿ

ನನ್ನ ಗಂಡನ ಬಲಗಿವಿಯಲ್ಲಿ ಒಬ್ಬ ಹೆಂಗಸಿದ್ದಳು. ಅರ್ಧ ಗಂಟೆಗೊಮ್ಮೆ ಮಾತಾಡುತ್ತಿದ್ದಳು. ಅವನನ್ನು ಸರ್ ಎಂದು ಕರೆಯುತ್ತಿದ್ದಳು.

ಹುಟ್ಟಿದಾಗಿನಿಂದ ಅವನನ್ನು ಯಾರೂ ಸರ್ ಎಂದಿರಲಿಲ್ಲ. ಶೆಡ್ಡಿನವರಿಗೆ ಅವನು ಡ್ರಮ್ಮಣ್ಣ. ಮಾಲೀಕನಿಗೆ 'ಏ ಕಿವುಡ'. ನನಗೆ 'ಯೋ'. ಇವಳು ಬಂದ ಮೊದಲನೇ ದಿನವೇ ಸರ್ ಎಂದಳು, ಊಟ ಆಯಿತಾ ಎಂದು ಕೇಳಿದಳು. ಅವನು ತುತ್ತನ್ನು ಬಾಯಲ್ಲಿಟ್ಟುಕೊಂಡೇ "ಹೂಂ" ಎಂದ. ಜೊತೆಗೊಂದು ನಗೆ. ಮದುವೆಯಾದ ಹೊಸದರಲ್ಲಿ ಆ ನಗೆ ನಮ್ಮ ಮನೆಯಲ್ಲಿತ್ತು. ಆಮೇಲೆ ಎಲ್ಲಿಗೆ ಹೋಗಿತ್ತೋ, ಈಗ ಅವಳಿಗಾಗಿ ವಾಪಸು ಬಂತು.

ತಟ್ಟೆಗೆ ಬಡಿಸಿದವಳು ನಾನು. ಊಟ ಆಯಿತಾ ಎಂದು ಕೇಳಿದವಳು ಅವಳು. ಹೂಂ ಸಿಕ್ಕಿದ್ದು ಅವಳಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚು ಎಂದು ನೇರವಾಗಿಯೇ ಹೇಳುತ್ತೇನೆ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ನಮ್ಮದು ಡ್ರಮ್ಮಿನ ಕೆಲಸ. ಕಾರ್ಖಾನೆಗಳು ಎಣ್ಣೆ, ಬಣ್ಣ, ಆಸಿಡ್ಡು ತುಂಬಿ ಬಳಸಿ ಬಿಸಾಕಿದ ಕಬ್ಬಿಣದ ಡ್ರಮ್ಮುಗಳು ಲಾರಿಯಲ್ಲಿ ಬರುತ್ತವೆ. ನಾವು ಅವನ್ನು ತೊಳೆದು, ನೆಗ್ಗು ತೆಗೆದು, ಬಣ್ಣ ಹೊಡೆದು, ಹೊಸದರಂತೆ ಮಾಡಿ ಕಳಿಸುತ್ತೇವೆ. ತೊಳೆಯುವ ನೀರಿಗೆ ಅಂಗೈ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ನೆಗ್ಗು ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಸುತ್ತಿಗೆಯಲ್ಲಿ ಹೊಡೆಯಬೇಕು. ಹಿಡಿಯುವವಳು ನಾನು, ಹೊಡೆಯುವವನು ಅವನು. ಹದಿಮೂರು ವರ್ಷ. ನಮ್ಮಂಥ ಎಂಟು ಜೋಡಿ, ಒಂದೇ ತಗಡಿನ ಸೂರು. ಆ ಸದ್ದು ಹೇಗಿರುತ್ತದೆಂದು ಕೇಳದವರಿಗೆ ಹೇಳಿ ಪ್ರಯೋಜನವಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎನ್ನುತ್ತಿದ್ದ ಮಾಲೀಕ. ಹತ್ತಿಯನ್ನು ನಾವೇ ತರಬೇಕಿತ್ತು.

ಹಿಡಿದವಳ ಮಾತಿನ ಮೇಲೆ ಹೊಡೆಯುವವನ ಕೈ ನಡೆಯಬೇಕು. ಮೇಲೆ! ಎಡಕ್ಕೆ! ತಡಿ! ಇಷ್ಟೇ ನಮ್ಮ ಸಂಸಾರದ ಮಾತು. 'ರೀ' ಎಂದು ರಾಗ ಎಳೆಯುವಷ್ಟರಲ್ಲಿ ಎರಡು ಪೆಟ್ಟು ಬಿದ್ದಿರುತ್ತದೆ, ಅದಕ್ಕೇ 'ಯೋ'. ಅವನ ಎಡಗಿವಿ ಆರನೇ ವರ್ಷಕ್ಕೆ ಹೋಯಿತು. ಬಲಗಿವಿ ಒಂಬತ್ತನೇ ವರ್ಷಕ್ಕೆ ಮುಕ್ಕಾಲು ಹೋಯಿತು. ಅವನ ಕಿವಿ ಹೋದಷ್ಟೂ ನನ್ನ ದನಿ ಏರಿತು. ಏರಿ ಏರಿ ಒಡೆದುಹೋಯಿತು. ಈಗ ನನ್ನದು ತಗಡು ಉಜ್ಜಿದಂಥ ದನಿ. ಓಣಿಯವರು ನನಗಿಟ್ಟ ಹೆಸರೇ ತಗಡುಬಾಯಿ. ಅಂಗಡಿಯಲ್ಲಿ ಸೋಪು ಕೇಳಿದರೂ ಜಗಳಕ್ಕೆ ಬಂದೆನೆಂದು ಜನ ತಿರುಗಿ ನೋಡುತ್ತಾರೆ.

ಆದರೆ ಒಂದು ಮಾತು. ಕಾಗೆ, ಲಾರಿ, ಅಂಗಡಿಯವನು, ಅವನ ಸ್ವಂತ ಅಕ್ಕ, ಎಲ್ಲವೂ ಅವನ ಪಾಲಿಗೆ ಸುಮ್ಮನಾದ ಮೇಲೂ ಬಲಗಿವಿಯ ಹತ್ತಿರ ನಾನು ಅರಚಿದರೆ ಅವನಿಗೆ ಕೇಳಿಸುತ್ತಿತ್ತು. ಲೋಕದಲ್ಲಿ ಅವನಿಗೆ ಕೇಳಿಸುತ್ತಿದ್ದ ಮನುಷ್ಯರ ದನಿ ಒಂದೇ, ನನ್ನದು. ಒಡೆದದ್ದೋ ಹರಿದದ್ದೋ, ನನ್ನದು. ಅದರ ಜಂಬ ನನಗಿತ್ತು. ಅದು ಜಂಬವೆಂದು ಕಳೆದುಕೊಂಡ ಮೇಲೆ ಗೊತ್ತಾಯಿತು.

ಮಿಷನ್ ಬಂದದ್ದು ಹೀಗೆ. ಸರ್ಕಾರದ ಕಡೆಯಿಂದ ಡಾಕ್ಟರಮ್ಮ ಒಬ್ಬರು ಶೆಡ್ಡಿಗೆ ಬಂದು, ಎಂಟೂ ಗಂಡಸರ ಕಿವಿ ನೋಡಿ, ಏನೋ ಬರೆದುಕೊಂಡು ಹೋದರು. ಮಾಲೀಕ ಪರಿಹಾರ ಕೊಡಬೇಕಾಗುತ್ತದೆ ಎಂಬ ಸುದ್ದಿ ಹಬ್ಬಿತು. ಹದಿನೈದೇ ದಿನಕ್ಕೆ ಮಾಲೀಕ ಕಿವಿ ಮಿಷನ್ನಿನ ಕಂಪನಿಯವನೊಬ್ಬನನ್ನು ಕರೆತಂದ. ಕುತ್ತಿಗೆಗೆ ಟೈ ಬಿಗಿದುಕೊಂಡಿದ್ದ. ನಾವು ಅವನಿಗೆ ಟೈಯಣ್ಣ ಎಂದು ಹೆಸರಿಟ್ಟೆವು.

"ಎಲ್ಲರಿಗೂ ಮಿಷನ್ ಬಿಟ್ಟಿ" ಎಂದ ಟೈಯಣ್ಣ.

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಆರು ಹಾಳೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆವು. ಕಿವಿಯ ವಿಷಯದಲ್ಲಿ ಮಾಲೀಕನನ್ನು ಇನ್ನೇನೂ ಕೇಳುವುದಿಲ್ಲ ಎಂದು ಅದರಲ್ಲಿತ್ತು. ಮಿಷನ್ ಕಂಪನಿಯದೇ, ನಮ್ಮದಲ್ಲ ಎಂದಿತ್ತು. ಬಿಟ್ಟಿಯಾದ್ದರಿಂದ ಅರ್ಧ ಗಂಟೆಗೊಮ್ಮೆ ಜಾಹೀರಾತು ಕೇಳಬೇಕು, ದಿನಕ್ಕೆ ಹತ್ತು ಗಂಟೆ ಹಾಕಿಕೊಂಡಿರಬೇಕು, ಕೆಲಸದಲ್ಲೂ ತೆಗೆಯಬಾರದು ಎಂದಿತ್ತು. ತೆಗೆದವನಿಗೆ ಶೆಡ್ಡಿನಲ್ಲಿ ಕೆಲಸವಿಲ್ಲ ಎಂದೂ ಇತ್ತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಅವತ್ತು ಓದಿ ಹೇಳಿದವರು ಯಾರೂ ಇರಲಿಲ್ಲ.

ಮಿಷನ್ ಹೆಬ್ಬೆರಳ ತುದಿಯಷ್ಟಿತ್ತು. ಟೈಯಣ್ಣ ಅದನ್ನು ತಿರುಗಿಸಿ ತೋರಿಸಿದ.

"ಹಿಂದೆ ಒಂದು ಗುಂಡಿ ಇದೆ ನೋಡಿ. ಏಳು ದಿನ ಇದು ಪಾಠ ಕಲಿಯುತ್ತೆ. ಎಲ್ಲಿ ಗಲಾಟೆ ಜಾಸ್ತಿನೋ ಅಲ್ಲಿ ಈ ಗುಂಡಿ ಒತ್ತಿ ಹಿಡೀರಿ. ಒತ್ತಿದಾಗ ಏನೇನು ಬೀಳುತ್ತೋ ಅದೆಲ್ಲ ಬೇಡದ ಸದ್ದು ಅಂತ ತಿಳ್ಕೊಂಡು ಅಳಿಸಿ ಹಾಕುತ್ತೆ. ಏಳು ದಿನ ಆದ್ಮೇಲೆ ಬೀಗ."

ಗಲಾಟೆ ಜಾಸ್ತಿ ಇರುವುದು ಎಲ್ಲಿ? ಶೆಡ್ಡಿನಲ್ಲಿ. ಅವನ ಎರಡೂ ಕೈಯಲ್ಲಿ ಸುತ್ತಿಗೆ. "ಒತ್ತೇ" ಎನ್ನುತ್ತಿದ್ದ. ನಾನು ಒಂದು ಕೈಯಲ್ಲಿ ಗಟ್ಟಿ ಹಿಡಿದು, ಇನ್ನೊಂದು ಕೈಯನ್ನು ಡ್ರಮ್ಮಿನ ಮೇಲಿಂದ ಚಾಚಿ, ಅವನ ಕಿವಿಯ ಹಿಂದಿನ ಗುಂಡಿ ಒತ್ತುತ್ತಿದ್ದೆ. ಒತ್ತಿಕೊಂಡೇ ಅರಚುತ್ತಿದ್ದೆ. ಮೇಲೆ! ಎಡಕ್ಕೆ! ತಡಿ!

ಹೀಗೆ ಏಳು ದಿನ ನನ್ನ ಬೆರಳಿನಿಂದಲೇ ಆ ಮಿಷನ್ನಿಗೆ ಪಾಠ ಹೇಳಿಕೊಟ್ಟೆ. ಸುತ್ತಿಗೆ ಬೇಡ. ತಗಡು ಬೇಡ. ನಾನು ಬೇಡ.

ಎಂಟನೇ ದಿನ ರಜೆ. ಅವನು ಹೊಸಿಲ ಮೇಲೆ ಕೂತಿದ್ದ. ಕಾಗೆ ಕೂಗಿದ್ದಕ್ಕೆ ತಲೆ ಎತ್ತಿದ. ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಎದ್ದು ಹೋಗಿ ತಿರುಪಿ ಬಂದ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವವಳು ಮಿಷನ್ ತುಳಿಯುತ್ತಲೇ "ಏನಣ್ಣಾ, ಕಿವಿ ಬಂತಂತೆ?" ಎಂದಳು.

"ಬಂತಮ್ಮಾ. ನಿನ್ನ ಮಿಷನ್ನಿಗೆ ಮೊದ್ಲು ಎಣ್ಣೆ ಬಿಡು, ಹಲ್ಲು ಕಡಿಯೋ ಹಂಗೆ ಕಿರ್ ಅಂತಿದೆ" ಎಂದ. ಇಬ್ಬರೂ ನಕ್ಕರು.

ನಾನು ಚಹಾ ತಂದು "ತಗೋ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಎಂದೆ. ಇಲ್ಲ. ಬೇಕೆಂದೇ ಮಾಡುತ್ತಿದ್ದಾನೆ ಎನಿಸಿತು. ಬೆನ್ನ ಹಿಂದೆ ನಿಂತು ಪರೀಕ್ಷೆ ಮಾಡಿದೆ. "ಲೋ ಕತ್ತೆ" ಎಂದೆ. "ನಿಮ್ಮಕ್ಕನ ಮೂಗು ಗೆಣಸಿನ ಥರ ಇದೆ" ಎಂದೆ. ಅಕ್ಕನನ್ನು ಅಂದರೆ ಸುಮ್ಮನಿರುವ ಗಂಡಸಲ್ಲ ಅವನು. ಅಲ್ಲಾಡಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಲೋಟ ಕುಕ್ಕಿ ಅವನ ಮುಂದೆ ಬಂದು ನಿಂತೆ.

"ಎದುರು ಮನೆಯವಳು ಪಿಸುಗುಟ್ಟಿದ್ರೂ ಕೇಳ್ಸುತ್ತೆ, ನಾನು ಬಾಯಿ ಬಡ್ಕೊಂಡ್ರೂ ಕೇಳ್ಸಲ್ವಾ ನಿಂಗೆ?"

ಅವನು ನನ್ನ ಬಾಯನ್ನೇ ದುರುಗುಟ್ಟಿ ನೋಡಿದ.

"ಯಾಕೇ ಅಣಕಿಸ್ತೀಯ? ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಬರೀ ಬಾಯಿ ಆಡಿಸ್ತೀಯ, ಮಾತಾಡಲ್ಲ. ನಂಗೆ ಕಿವಿ ಬಂದಿದ್ದು ನಿಂಗೆ ಹೊಟ್ಟೆಕಿಚ್ಚಾ?"

ನಾನು ಕೈ ಹಾಕಿ ಮಿಷನ್ ಕಿತ್ತೆ. ಬರಿ ಕಿವಿಗೆ ಬಾಯಿಟ್ಟು "ಕಿವುಡಾ!" ಎಂದು ಅರಚಿದೆ. ಅವನು ಬೆಚ್ಚಿಬಿದ್ದ.

"ಇದು ಕೇಳ್ತು" ಎಂದ.

ಮಿಷನ್ ಹಾಕಿದ. ಅರಚಿದೆ. ಇಲ್ಲವೆಂದು ತಲೆಯಾಡಿಸಿದ. ತೆಗೆದ. ಅರಚಿದೆ. ಕೇಳಿಸಿತು. ನಾಲ್ಕು ಸಲ ಹೀಗೆ. ಎದುರು ಮನೆಯವಳು ತುಳಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಐದನೇ ಸಲಕ್ಕೆ ನಮ್ಮಿಬ್ಬರಿಗೂ ಅರ್ಥವಾಯಿತು.

ಕಂಪನಿಯ ಆಫೀಸಿಗೆ ಹೋದೆವು. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಮೆತ್ತನೆ ಕುರ್ಚಿ. ನಾನು ಮೂರು ಸಲ ಕೈ ತೊಳೆದುಕೊಂಡು ಹೋಗಿದ್ದರೂ ಉಗುರಿನೊಳಗಿನ ಕರಿ ಹೋಗಿರಲಿಲ್ಲ. ಕುರ್ಚಿ ಕೊಳೆಯಾದೀತೆಂದು ನಿಂತೇ ಇದ್ದೆ. ಕೌಂಟರಿನ ಹುಡುಗಿ ಮಿಷನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, ವಾಪಸು ಅವನ ಕಿವಿಗೆ ಹಾಕಿದಳು.

"ಮಿಷನ್ ಸರಿಯಾಗೇ ಇದೆ ಅಮ್ಮಾ. ನಿಮ್ಮ ದನಿ ಬೇಡದ ಸದ್ದಿನ ಪಟ್ಟಿಗೆ ಸೇರ್ಕೊಂಡಿದೆ ಅಷ್ಟೆ."

"ತೆಗೀರಿ ಅದನ್ನ."

"ಬಿಟ್ಟಿ ಪ್ಲಾನಲ್ಲಿ ಬೀಗ ತೆಗೆಯೋಕಾಗಲ್ಲ. ಕುಟುಂಬ ಪ್ಲಾನ್ ತಗೊಂಡ್ರೆ ನಾಲ್ಕು ದನಿ ಸೇರಿಸ್ಕೋಬಹುದು. ಹೆಂಡತಿ, ಮಕ್ಕಳು, ಯಾರನ್ನ ಬೇಕಾದ್ರೂ."

ತಿಂಗಳಿಗೆ ಎಷ್ಟು ಎಂದು ಹೇಳಿದಳು. ಹದಿನೆಂಟು ದಿನದ ನನ್ನ ಕೂಲಿ.

"ಹೆಂಡ್ತಿ ಮಾತು ಕೇಳೋಕೆ ಕಂಪ್ನಿಗೆ ದುಡ್ಡು ಕಟ್ಬೇಕಾ? ಗಂಡ ನನ್ನೋನು, ದನಿ ನಂದು. ಮಧ್ಯದಲ್ಲಿ ನಿಮ್ದೇನು?"

"ಮಿಷನ್ ನಮ್ದು ಅಮ್ಮಾ" ಎಂದಳು ಹುಡುಗಿ. ಒರಟಾಗಿ ಹೇಳಲಿಲ್ಲ. ದಿನಕ್ಕೆ ನೂರು ಸಲ ಹೇಳಿ ಸವೆದ ಮಾತಿನಂತಿತ್ತು. ಆಮೇಲೆ ಒಂದು ಕರಿ ಪೆಟ್ಟಿಗೆಯನ್ನು ನನ್ನ ಬಾಯಿಯ ಮುಂದಿಟ್ಟಳು. "ಇದರಲ್ಲಿ ಮಾತಾಡಿ, ಪ್ಲಾನಿಗೆ ನಿಮ್ಮ ದನಿ ಸೇರುತ್ತಾ ನೋಡೋಣ."

"ಏನು ಮಾತಾಡ್ಲಿ?" ಎಂದೆ.

ಅವಳು ಪರದೆ ನೋಡಿ ತುಟಿ ಕಚ್ಚಿಕೊಂಡಳು. "ಇದು ಮನುಷ್ಯರ ದನಿ ಅಂತಾನೇ ಇದಕ್ಕೆ ಗೊತ್ತಾಗ್ತಿಲ್ಲ. ಸ್ವಲ್ಪ ಮೆತ್ತಗೆ ಮಾತಾಡಿ ಅಮ್ಮಾ. ಹೆಂಗಸರ ಥರ."

ಕುರ್ಚಿಗಳಲ್ಲಿ ಕೂತವರು ನಕ್ಕರು. ನಾನು ಮೆತ್ತಗೆ ಮಾತಾಡಲು ಹೋದೆ. ಬರಿ ಗಾಳಿ ಬಂತು. ಇನ್ನೊಮ್ಮೆ ಹೋದೆ. ಕೆಮ್ಮು ಬಂತು. ಅವರು ಇನ್ನಷ್ಟು ನಕ್ಕರು. ನನ್ನ ಗಂಡನಿಗೆ ಆ ನಗು ಕೇಳಿಸಿತು. ನನ್ನ ಕೆಮ್ಮು ಕೇಳಿಸಲಿಲ್ಲ.

ಆ ಕುರ್ಚಿಯಲ್ಲಿ ಒಬ್ಬಾಕೆ ಇದ್ದಳು. ವಯಸ್ಸು ನನ್ನದೇ, ಮೈ ನನ್ನದಲ್ಲ. ಪಕ್ಕದಲ್ಲಿ ಗಂಡ, ಅವನ ಕಿವಿಯಲ್ಲೂ ಮಿಷನ್. ಆಕೆ ಫೋನಿನಿಂದ ಕಣ್ಣೆತ್ತದೆ, ಉಸಿರಿನಷ್ಟೇ ದನಿಯಲ್ಲಿ "ಹೋಗೋಣ್ವಾ?" ಎಂದಳು. ಅವನು ಎದ್ದು ನಿಂತ. ಅಷ್ಟೇ. ಆಕೆಯ ಕೊರಳಲ್ಲಿ ಎರಡೆಳೆ ಸರ ಇತ್ತು, ಅದು ನನಗೆ ಬೇಡ. ಆ 'ಹೋಗೋಣ್ವಾ' ಬೇಕಿತ್ತು. ಕೈಗೆ ಸಿಗುವ ವಸ್ತುವಾಗಿದ್ದರೆ ಕದ್ದುಕೊಂಡು ಬರುತ್ತಿದ್ದೆ.

ದಾರಿಯಲ್ಲಿ ಮಿಷನ್ ವಾಪಸು ಕೊಟ್ಟುಬಿಡು ಎಂದು ಕೈಸನ್ನೆ ಮಾಡಿದೆ. ಅವನು ನಿಂತ.

"ನಾಲ್ಕು ವರ್ಷ ಆದ್ಮೇಲೆ ಕಾಗೆ ಕೂಗಿದ್ದು ಕೇಳಿಸ್ತು ಕಣೇ ನಂಗೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅಲ್ಲಿಗೇ ಬಿಟ್ಟಿದ್ದರೆ ನಾನೂ ಕರಗುತ್ತಿದ್ದೆ. ಬಿಡಲಿಲ್ಲ. "ಅವಳು ದಿನಾ ಊಟ ಆಯ್ತಾ ಅಂತಾದ್ರೂ ಕೇಳ್ತಾಳೆ. ನೀನು ಎಡಕ್ಕೆ, ಮೇಲಕ್ಕೆ, ಅದು ಬಿಟ್ರೆ ಇಷ್ಟು ವರ್ಷ ಏನು ಕೇಳಿದ್ದೀಯ?"

ಉತ್ತರ ಕೊಟ್ಟರೂ ಅವನಿಗೆ ಕೇಳಿಸುವ ಹಾಗಿರಲಿಲ್ಲ. ಮನೆಯವರೆಗೆ ಅವನ ಹಿಂದೆ ನಡೆದೆ.

ಮಾರನೇ ದಿನ ಅವನು ಸ್ನಾನಕ್ಕೆ ಹೋದಾಗ ಮಿಷನ್ ಎತ್ತಿ ನನ್ನ ಕಿವಿಗೆ ಇಟ್ಟುಕೊಂಡೆ. ಸವತಿಯ ಮುಖ ನೋಡಲು ಹೋದವಳ ಹಾಗೆ ಕದ ಮುಂದೆ ಮಾಡಿ ಕಾದು ಕೂತೆ. ಸ್ವಲ್ಪ ಹೊತ್ತಿಗೆ ಬಂದಳು.

"ನಮಸ್ಕಾರ ಸರ್. ಊಟ ಆಯಿತಾ? ದಿನವಿಡೀ ದುಡಿದ ಬೆನ್ನಿಗೆ ಮೋಡದಂಥ ಹಾಸಿಗೆ ಬೇಡವೇ? ಆರಾಮವಾಗಿ ಮಲಗಿ. ನಿಮಗಾಗಿ ನಾವಿದ್ದೇವೆ."

ನನ್ನ ಗಂಡನ ಬೆನ್ನಿನ ಸುದ್ದಿ, ಹಾಸಿಗೆಯ ಸುದ್ದಿ ಇವಳಿಗೇಕೆ? ಆದರೆ ದನಿ ಚೆನ್ನಾಗಿತ್ತು. ಸುಳ್ಳು ಹೇಳಲಾರೆ. ಎಲ್ಲೂ ತಡವರಿಸುವುದಿಲ್ಲ, ಎಲ್ಲೂ ಉಸಿರು ಕಟ್ಟುವುದಿಲ್ಲ. ಆ ಗಂಟಲಿಗೆ ಹೊಗೆ ಹೋಗಿರಲಿಲ್ಲ. ಯಾರ ಕೈಯನ್ನೂ ಕೂಗಿ ನಿಲ್ಲಿಸಬೇಕಾಗಿ ಬಂದಿರಲಿಲ್ಲ ಆ ಗಂಟಲಿಗೆ. ನನ್ನದೂ ಮೊದಲು ಸುಮಾರಾಗಿ ಹಾಗೇ ಇತ್ತು, ಆಣೆ ಮಾಡಿ ಹೇಳುತ್ತೇನೆ.

ಮೂರು ದಿನ ನೀರಿನ ಕೊಡದ ಮುಂದೆ ಕೂತು ಕಲಿತೆ. ಗಂಟಲು ಬಿಗಿಹಿಡಿದು, ಮೂಗಿನಿಂದ ಅರ್ಧ, ಬಾಯಿಂದ ಅರ್ಧ. ನಾಲ್ಕನೇ ದಿನ ಅವನು ಉಣ್ಣುತ್ತಿದ್ದಾಗ ಹಿಂದೆ ನಿಂತು ಹೇಳಿದೆ. "ನಮಸ್ಕಾರ ಸರ್. ಊಟ ಆಯಿತಾ?"

"ಹೂಂ, ಆಗ್ತಿದೆ" ಎಂದ, ತಿರುಗದೆ. ಅದೇ ನಗೆ.

ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಮಾತಿಗೆ ಹೂಂ ಬಂತು. ಬಂದದ್ದು ನನಗಲ್ಲ. "ನಾನು ಕಣೋ" ಎಂದೆ, ಅದೇ ದನಿಯಲ್ಲಿ. ಅವನು ಗರಕ್ಕನೆ ತಿರುಗಿದ. ಮುಖ ಅರಳಿತು.

"ನೀನಾ? ಇದೇ ಚೆನ್ನಾಗಿದೆ ಕಣೇ. ಇನ್ಮೇಲೆ ಹಿಂಗೇ ಮಾತಾಡು."

ಹಾಗೇ ಮಾತಾಡಿದೆ. ಮನೆಯೊಳಗೆ ಸವತಿಯ ಸೀರೆ ಉಟ್ಟುಕೊಂಡವಳ ಹಾಗೆ ಅವಳ ದನಿ ಉಟ್ಟುಕೊಂಡು ಓಡಾಡಿದೆ. ಸಂಜೆಗೆ ಗಂಟಲಲ್ಲಿ ರಕ್ತದ ರುಚಿ. ಅವನು ನಗುತ್ತಿದ್ದ. ಪ್ರತಿ ನಗೆಗೂ ನನ್ನೊಳಗೆ ಒಂದು ಪ್ರಶ್ನೆ: ಇದು ಯಾರಿಗೆ?

ಶೆಡ್ಡಿನಲ್ಲಿ ಮಾತ್ರ ಆ ದನಿ ನಡೆಯುವುದಿಲ್ಲ. ಅಲ್ಲಿ ತಲೆಸನ್ನೆ, ಕಣ್ಸನ್ನೆಯಲ್ಲಿ ಕೆಲಸ ಸಾಗಿಸುತ್ತಿದ್ದೆವು. ಹದಿನೈದು ದಿನ ಸಾಗಿತು. ಅವತ್ತು ಬಾಯಿ ತೆರೆದ ಡ್ರಮ್ಮು, ಅಂಚು ಸೊಟ್ಟಗಾಗಿತ್ತು. ನಾನು ಒಳಗಿನಿಂದ ಗಟ್ಟಿ ಹಿಡಿದಿದ್ದೆ. ಎಣ್ಣೆ ಕೈ. ಗಟ್ಟಿ ಜಾರಿತು. ಎಡಗೈಯ ಎರಡು ಬೆರಳು ಗಟ್ಟಿಗೂ ಅಂಚಿಗೂ ನಡುವೆ ಸಿಕ್ಕಿಬಿದ್ದವು. ಸುತ್ತಿಗೆ ಮೇಲಿತ್ತು.

"ತಡಿ!" ಎಂದೆ. ಪ್ರಾಣಕ್ಕೆ ಬಂದಾಗ ಯಾರಿಗೂ ಸವತಿಯ ದನಿ ಬರುವುದಿಲ್ಲ. "ತಡಿಯೋ! ತಡಿ!"

ಅವನ ಮುಖ ನೋಡಿದೆ. ನಗುತ್ತಿದ್ದ. ಅವಳು ಮಾತಾಡುತ್ತಿದ್ದಳು.

ಸುತ್ತಿಗೆ ಬಿತ್ತು.

ನಾನು ಕಿರುಚಿದ್ದಕ್ಕೆ ಏಳು ಜನ ಹೆಂಗಸರು ಗಟ್ಟಿ ಬಿಸಾಕಿ ಓಡಿ ಬಂದರು. ಏಳು ಗಂಡಸರಲ್ಲಿ ಒಬ್ಬನೂ ತಿರುಗಲಿಲ್ಲ. ಅವರ ಮಿಷನ್ನುಗಳೂ ಇದೇ ಸೂರಿನ ಕೆಳಗೆ ಪಾಠ ಕಲಿತಿದ್ದವು. ಹೆಂಗಸರು ಕಿರುಚುವುದು ಅವುಗಳ ಲೆಕ್ಕದಲ್ಲಿ ತಗಡಿನ ಸದ್ದು.

ಆಸ್ಪತ್ರೆಯಲ್ಲಿ ಉಂಗುರದ ಬೆರಳಿನ ಎರಡು ಗೆಣ್ಣು ತೆಗೆದರು. ನಡುಬೆರಳು ಉಳಿಯಿತು, ಮಡಚುವುದಿಲ್ಲ. ಅವನು ಎರಡು ದಿನ ಉಣ್ಣಲಿಲ್ಲ. ಅವಳು ಅರ್ಧ ಗಂಟೆಗೊಮ್ಮೆ ಊಟ ಆಯಿತಾ ಎಂದು ಕೇಳುತ್ತಲೇ ಇದ್ದಳಂತೆ. ಮೂರನೇ ದಿನ ಮಾಲೀಕನ ಮುಂದೆ ಹೋಗಿ ನಿಂತ.

"ಕೆಲಸದಲ್ಲಿ ಇದನ್ನ ತೆಗೆದಿಡ್ತೀನಿ ಧಣೀ."

"ತೆಗೀ. ತೆಗೆದು ಇಬ್ರೂ ಮನೆಗೆ ಹೋಗಿ" ಎಂದ ಮಾಲೀಕ. "ಹೆಬ್ಬೆಟ್ಟು ಒತ್ತಿಲ್ವಾ? ನೋಡ್ಕೊಂಡು ಹೊಡೆಯೋಕೆ ನಿಂಗೇನು ದಾಡಿ?"

ಅವನು ನನ್ನ ಮುಖ ನೋಡಿದ. ಹಾಕ್ಕೋ ಎಂದು ನಾನೇ ಸನ್ನೆ ಮಾಡಿದೆ. ನಾಳೆ ಒಲೆ ಉರಿಯಬೇಕಿತ್ತು. ಆ ಸನ್ನೆ ಮಾಡಿದ ಕೈಯ ಮೇಲೆ ನನಗಿನ್ನೂ ಕೋಪವಿದೆ.

ಕೈಗೆ ಬಟ್ಟೆ ಸುತ್ತಿಕೊಂಡಿದ್ದಾಗಲೇ ಟೈಯಣ್ಣ ಮತ್ತೆ ಬಂದ. ಜೊತೆಗೆ ಕ್ಯಾಮರಾದವನು. ನಮ್ಮ ಶೆಡ್ಡನ್ನು ಟಿವಿಯಲ್ಲಿ, ಫೋನಿನಲ್ಲಿ ತೋರಿಸುತ್ತಾರಂತೆ. ಕಿವಿ ಕಳೆದುಕೊಂಡವರಿಗೆ ಕಂಪನಿ ಬಾಳು ಕೊಟ್ಟ ಕಥೆ. ಎಂಟು ಗಂಡಸರಿಗೂ ಹೊಸ ಅಂಗಿ ಹಂಚಿದರು. ಅವತ್ತು ಲಾರಿಗೆ ಹೋಗಬೇಕಿದ್ದ ಹೊಸ ಬಣ್ಣದ ಮುಚ್ಚಿದ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ಒಂದರ ಪಕ್ಕ ನನ್ನ ಗಂಡನನ್ನೂ ನನ್ನನ್ನೂ ನಿಲ್ಲಿಸಿದರು.

"ಆ ಕೈ ಹಿಂದಕ್ಕೆ ಇಟ್ಕೊಳಮ್ಮಾ" ಎಂದ ಕ್ಯಾಮರಾದವನು.

ಇಟ್ಟುಕೊಂಡೆ.

"ಒಂದೇ ಮಾತು ಹೇಳ್ಬೇಕು ನೀವು. 'ಈಗ ನನ್ನ ಮಾತು ಇವರಿಗೆ ಕೇಳಿಸುತ್ತೆ.' ನಗ್ತಾ ಹೇಳಿ."

ಹೇಳಿದೆ. ನನ್ನ ದನಿಯಲ್ಲೇ ಹೇಳಿದೆ, ಬೇರೆ ದನಿ ಅವತ್ತು ಬರಲಿಲ್ಲ. ಕ್ಯಾಮರಾದವನು ತಲೆಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಕಿತ್ತುಕೊಂಡ. "ಅಯ್ಯಪ್ಪಾ!" ಎಂದ.

ಟೈಯಣ್ಣ ಮುಂದೆ ಬಂದ. "ಪರವಾಗಿಲ್ಲ, ನೀವು ಸುಮ್ನೆ ಬಾಯಿ ಆಡ್ಸಿ ಸಾಕು. ದನಿ ಆಮೇಲೆ ಕೂರಿಸ್ತೀವಿ. ಜಾಹೀರಾತಲ್ಲಿ ಮಾತಾಡೋ ಮೇಡಂ ಇದ್ದಾರಲ್ಲ, ಅವ್ರ ದನಿ. ಎಲ್ರಿಗೂ ಪರಿಚಯದ ದನಿ."

ಊರೂರಿನ ಟಿವಿಯಲ್ಲಿ ನಾನು ನನ್ನ ಗಂಡನ ಪಕ್ಕ ನಿಂತಿರುತ್ತೇನೆ. ನನ್ನ ಬಾಯಿ ತೆರೆಯುತ್ತದೆ. ಅವಳು ಹೊರಗೆ ಬರುತ್ತಾಳೆ.

ಹಿಂದಿಟ್ಟ ಕೈಯನ್ನು ಮುಂದೆ ತಂದೆ.

"ಇದನ್ನ ತೆಗೀರಿ ಫೋಟೋ" ಎಂದೆ. "ಅವನ ಕಿವಿ ತಗೊಂಡ್ರಿ. ನಂಗೆ ಬರಬೇಕಾದ ಹೂಂ ತಗೊಂಡ್ರಿ. ಬೆರಳು ತಗೊಂಡ್ರಿ. ಈಗ ಬಾಯೂ ಬೇಕಾ ನಿಮ್ಗೆ?"

"ಏ ತಗಡುಬಾಯಿ, ಮುಚ್ಚೇ!" ಎಂದ ಮಾಲೀಕ.

ನನ್ನ ಗಂಡನಿಗೆ ಅದು ಕೇಳಿಸಿತು. ಮುಚ್ಚೇ ಎಂಬುದು ಮಾತ್ರ ಕೇಳಿಸಿತು. ನನ್ನ ತುಟಿ ನೋಡಿದ, ಅದು ಆಡುತ್ತಲೇ ಇತ್ತು. ಮಾಲೀಕನ ಮುಖ ನೋಡಿದ. ನನ್ನ ಕೈ ನೋಡಿದ. ಆಮೇಲೆ ಮಿಷನ್ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, ಬಲಗಿವಿಯನ್ನು ನನ್ನ ಬಾಯಿಗೆ ತಂದ.

"ಈಗ ಹೇಳು" ಎಂದ.

"ನನ್ನ ಬಾಯಲ್ಲಿ ಅವಳು ಮಾತಾಡ್ತಾಳಂತೆ!" ಎಂದು ಅರಚಿದೆ. "ನಾನು ಕೊಡಲ್ಲ! ಕೆಲಸ ಹೋದ್ರೂ ಕೊಡಲ್ಲ!"

ಅವನು ತಲೆಯಾಡಿಸಿದ. ಪಕ್ಕದ ಡ್ರಮ್ಮಿನ ತಲೆಯ ಮೇಲೆ ಎಣ್ಣೆ ಸುರಿಯುವ ತೂತಿತ್ತು, ಮುಚ್ಚಳ ಇನ್ನೂ ತಿರುಪಿರಲಿಲ್ಲ. ಮಿಷನ್ನನ್ನು ಅದರೊಳಗೆ ಹಾಕಿದ. ಠಣ್ ಎಂದಿತು.

"ಅದು ಕಂಪ್ನಿ ಆಸ್ತಿ!" ಟೈಯಣ್ಣ ಕೂಗಿದ.

"ಬೇಕಾದ್ರೆ ಡ್ರಮ್ ಸಮೇತ ತಗೊಂಡೋಗಿ" ಎಂದಳು ಮೂರನೇ ಜೋಡಿಯ ಹೆಂಗಸು. ಅವಳು ಬಂದವಳೇ ತನ್ನ ಗಂಡನ ಕಿವಿಯಿಂದ ಮಿಷನ್ ಕಿತ್ತು ತೂತಿನೊಳಗೆ ಹಾಕಿದಳು. ಅವನು ತಡೆಯಲಿಲ್ಲ. ಕೊನೇ ಜೋಡಿಯ ಮುದುಕ ತನ್ನದನ್ನು ತಾನೇ ತಂದು ಹಾಕಿದ. ಉಳಿದ ಐವರು ನೆಲ ನೋಡುತ್ತ ನಿಂತರು. ಒಬ್ಬ ಹೊಸ ಅಂಗಿಯ ಗುಂಡಿ ಹಾಕಿಕೊಂಡು ಕ್ಯಾಮರಾದ ಕಡೆ ಸರಿದ. ಅವರಿಗೂ ಹೊಟ್ಟೆಯಿದೆ, ಗೊತ್ತು. ಆದರೂ ಅವರ ಮೇಲೆ ನನಗೆ ಸಿಟ್ಟಿದೆ.

ನನ್ನ ಗಂಡ ಪಾನಾ ಎತ್ತಿಕೊಂಡು ಮುಚ್ಚಳವನ್ನು ಕೊನೇ ಸುತ್ತಿನವರೆಗೆ ತಿರುಪಿದ. ಅವನು ತಿರುಪಿದ್ದು ಯಾರಿಂದಲೂ ಸುಲಭವಾಗಿ ಬಿಚ್ಚಲಾಗುವುದಿಲ್ಲ.

"ಮೂರು ಜೋಡಿನೂ ಆಚೆ!" ಎಂದ ಮಾಲೀಕ. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ!"

ಹೊರಡುವ ಮುಂಚೆ ಡ್ರಮ್ಮಿಗೆ ಕಿವಿಯಿಟ್ಟೆ. ಒಳಗೆ, ಬಾವಿಯ ತಳದಿಂದ ಬಂದ ಹಾಗೆ, ಅವಳಿದ್ದಳು. ಒಬ್ಬಳಲ್ಲ, ಒಬ್ಬರ ಹಿಂದೊಬ್ಬರು ಮೂವರು. ನಮಸ್ಕಾರ ಸರ್. ನಮಸ್ಕಾರ ಸರ್. ಊಟ ಆಯಿತಾ? ನಾನು ಉಳಿದ ಬೆರಳಿನ ಗೆಣ್ಣಿನಿಂದ ತಗಡನ್ನು ಕುಟ್ಟಿದೆ.

"ಇಲ್ಲ ಕಣೇ, ಇನ್ನೂ ಆಗಿಲ್ಲ" ಎಂದೆ.

ಗೇಟಿನ ಹೊರಗೆ ಮೂವರು ಹೆಂಗಸರು ನಿಂತು ಮಾತಾಡಿಕೊಂಡೆವು. ಕಿವಿ ನೋಡಿ ಬರೆದುಕೊಂಡು ಹೋದ ಆ ಡಾಕ್ಟರಮ್ಮನನ್ನು ನಾಳೆ ಹುಡುಕಿಕೊಂಡು ಹೋಗುವುದು, ನನ್ನ ಕೈಯನ್ನೂ ತೋರಿಸುವುದು ಎಂದು. ಆಮೇಲೆ ನಮ್ಮ ನಮ್ಮ ದಾರಿ ಹಿಡಿದೆವು.

ರಸ್ತೆಯ ತಂತಿಯ ಮೇಲೆ ಒಂದು ಕಾಗೆ ಕೂತು ಬಾಯಿ ತೆರೆದು ಮುಚ್ಚುತ್ತಿತ್ತು. ಅವನು ನಿಂತು ಅದನ್ನೇ ನೋಡಿದ. ಅವನಿಗೆ ಅದೀಗ ಬರಿ ಬಾಯಿ. ನನಗೆ ಆ ಕಾಗೆಯ ಮೇಲೂ ಹೊಟ್ಟೆ ಉರಿಯಿತು, ಅಷ್ಟು ಆಸೆಯಿಂದ ನೋಡುತ್ತಿದ್ದ. ಹೊಟ್ಟೆ ಉರಿದರೂ ಅದು ಹಾರಿಹೋಗುವ ತನಕ ಅವನ ಪಕ್ಕದಲ್ಲೇ ನಿಂತೆ.

ಆಮೇಲೆ ಕೇಳಿದೆ. ಯಾರೂ ಕಲಿಸದ, ಯಾರದೂ ಅಲ್ಲದ ನನ್ನ ದನಿಯಲ್ಲಿ, ಹದಿಮೂರು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತು.

"ಊಟ ಮಾಡ್ತೀಯಾ?"

ಅವನು ತಿರುಗಿದ. ರಸ್ತೆಯ ಮಧ್ಯದಲ್ಲೇ ಬಗ್ಗಿ, ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದ. ಅಂಗೈಯನ್ನು ಕಿವಿಗೆ ಮರೆಮಾಡಿ ಹಿಡಿದುಕೊಂಡ.

"ಏನಂದೆ? ಇನ್ನೂ ಜೋರಾಗಿ ಹೇಳೇ."